ನುರುಓಸ್ಮಾನಿಯೆ ಮಸೀದಿ ನೋಡಲು ಹೋಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಸ್ತಾಂಬುಲ್‌ಗೆ ಹೋಗುವವರ ಪಟ್ಟಿಯಲ್ಲಿ ಹಾಗಿಯಾ ಸೋಫಿಯಾ, ನೀಲಿ ಮಸೀದಿ, ಗ್ರ್ಯಾಂಡ್ ಬಜಾರ್ ತಪ್ಪುವುದಿಲ್ಲ. ಬಜಾರಿನ ಬಾಗಿಲಿಗೇ ಆತುಕೊಂಡಿರುವ ನುರುಓಸ್ಮಾನಿಯೆ ಮಾತ್ರ ಹೆಚ್ಚಿನವರಿಗೆ ಹಾದುಹೋಗುವ ಅಂಗಳವಷ್ಟೇ. ಯುರೋಪಿನ ಬರೋಕ್ ಶೈಲಿಯನ್ನು ಮೈತುಂಬಾ ಹೊತ್ತ ಮೊದಲ ದೊಡ್ಡ ಒಟ್ಟೊಮನ್ ಮಸೀದಿ ಇದು. ನಮಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು, ಕೇಳಿದವರ ಮಾತಿನಲ್ಲೇ, ಸುಲಭದಿಂದ ಕಷ್ಟಕ್ಕೆ ಜೋಡಿಸಿದ್ದೇವೆ.

## ಹೊರಡುವ ಮುಂಚೆ

ಇದು ಎಲ್ಲಿ ಬರುತ್ತೆ? ಟ್ರ್ಯಾಮ್‌ನಲ್ಲಿ ಹೋಗಬಹುದಾ?

ಟಿ1 ಟ್ರ್ಯಾಮ್ ಹತ್ತಿ ಚೆಂಬೆರ್ಲಿತಾಶ್ ನಿಲ್ದಾಣದಲ್ಲಿ ಇಳಿಯಿರಿ. ಎದುರಿಗೆ ಕಬ್ಬಿಣದ ಪಟ್ಟಿ ಬಿಗಿದ, ಸುಟ್ಟಂತೆ ಕಪ್ಪಾದ ಒಂದು ಕಂಬ ಕಾಣುತ್ತದೆ. ಅದು ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ನಿಲ್ಲಿಸಿದ ಕಂಬ. ಅದರ ಪಕ್ಕದ ವೆಜಿರ್‌ಹಾನ್ ರಸ್ತೆಯಲ್ಲಿ ಐದು ನಿಮಿಷ ನಡೆದರೆ ಮಸೀದಿಯ ಆವರಣ. ಸುಲ್ತಾನಹ್ಮೆತ್ ಕಡೆ ಉಳಿದುಕೊಂಡಿದ್ದರೆ ಟ್ರ್ಯಾಮೇ ಬೇಡ, ಹಳಿಯ ಪಕ್ಕದಲ್ಲೇ ಹತ್ತು ನಿಮಿಷದ ನಡಿಗೆ. ವಿಮಾನ ನಿಲ್ದಾಣದಿಂದ ನೇರ ಬರುವವರು ಎಂ11 ಮೆಟ್ರೋದಲ್ಲಿ ಗಯ್‌ರೆತ್ತೆಪೆಗೆ ಬಂದು, ಅಲ್ಲಿ ಎಂ2ಗೆ ಬದಲಾಯಿಸಿ, ವೆಜ್ನೆಜಿಲೆರ್‌ನಲ್ಲಿ ಇಳಿಯಬೇಕು. ಅಲ್ಲಿಂದ ಕಾಲು ಗಂಟೆ ನಡೆಯಬೇಕಾಗುತ್ತದೆ. ಟ್ರ್ಯಾಮ್, ಮೆಟ್ರೋ, ದೋಣಿ ಎಲ್ಲಕ್ಕೂ ಒಂದೇ ಇಸ್ತಾಂಬುಲ್‌ಕಾರ್ತ್ ಸಾಕು.

ಬಜಾರಿನ ಒಳಗೇ ಇದ್ದೀರಾದರೆ "ನುರುಓಸ್ಮಾನಿಯೆ ಕಪಿಸಿ" ಎಲ್ಲಿ ಎಂದು ಕೇಳಿ. ಕಪಿ ಎಂದರೆ ಬಾಗಿಲು. ಆ ಬಾಗಿಲಿನಿಂದ ಹೊರಬಿದ್ದರೆ ಮಸೀದಿಯ ಆವರಣದ ಗೋಡೆಯೇ ಎದುರು ಸಿಗುತ್ತದೆ.

ಟಿಕೆಟ್ ಎಷ್ಟು? ಮುಸ್ಲಿಮರಲ್ಲದವರನ್ನು ಒಳಗೆ ಬಿಡ್ತಾರಾ?

ಟಿಕೆಟ್ ಇಲ್ಲ. ಯಾರು ಬೇಕಾದರೂ ಹೋಗಬಹುದು, ಯಾರೂ ಧರ್ಮ ಕೇಳುವುದಿಲ್ಲ. ಬಾಗಿಲ ಹತ್ತಿರ ಕಾಣಿಕೆ ಪೆಟ್ಟಿಗೆ ಇದ್ದರೆ ಹಾಕುವುದು ಬಿಡುವುದು ನಿಮ್ಮಿಷ್ಟ. "ಬನ್ನಿ, ಫ್ರೀ ಆಗಿ ತೋರಿಸ್ತೀನಿ" ಎಂದು ಹೊರಗೆ ಹೆಗಲ ಮೇಲೆ ಕೈ ಹಾಕುವ ಸ್ನೇಹಿತರ ದಾರಿ ಸಾಮಾನ್ಯವಾಗಿ ಯಾವುದಾದರೂ ಜಮಖಾನೆ ಅಂಗಡಿಯಲ್ಲಿ ಮುಗಿಯುತ್ತದೆ. ನಕ್ಕು ಮುಂದೆ ನಡೆದರೆ ಸಾಕು, ಬೇಜಾರು ಮಾಡಿಕೊಳ್ಳುವುದಿಲ್ಲ.

ಯಾವ ಹೊತ್ತಿಗೆ ಹೋದರೆ ಬಾಗಿಲಲ್ಲೇ ತಡೆಯೋದಿಲ್ಲ?

ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದೂವರೆ ಎಲ್ಲ ಋತುವಿಗೂ ಒಳ್ಳೆಯದು. ಇದು ಬಳಕೆಯಲ್ಲಿರುವ ಮಸೀದಿ. ನಮಾಜಿಗೆ ಸ್ವಲ್ಪ ಮೊದಲು ಪ್ರವಾಸಿಗರನ್ನು ನಿಲ್ಲಿಸುತ್ತಾರೆ, ಮುಗಿದ ಮೇಲೆ ಬಿಡುತ್ತಾರೆ. ಮಧ್ಯಾಹ್ನದ ನಮಾಜ್ ವರ್ಷವಿಡೀ ಹೆಚ್ಚುಕಡಿಮೆ ಒಂದು ಗಂಟೆಯ ಆಸುಪಾಸು. ಸಂಜೆಯ ಮುಂಚಿನದು ಮಾತ್ರ ತುಂಬಾ ಓಡಾಡುತ್ತದೆ: ಡಿಸೆಂಬರ್‌ನಲ್ಲಿ ಮೂರೂಕಾಲು ದಾಟುತ್ತಲೇ, ಜೂನ್‌ನಲ್ಲಿ ಐದರ ಮೇಲೆ. ಹೀಗಾಗಿ ಬೇಸಿಗೆಯಲ್ಲಿ ಎರಡರಿಂದ ನಾಲ್ಕೂವರೆವರೆಗೆ ನಿರಾಳವಾಗಿ ನೋಡಬಹುದು. ಚಳಿಗಾಲದಲ್ಲಿ ಅದೇ ಲೆಕ್ಕ ಹಿಡಿದು ಹೋದವರು ಹೊರಗೆ ಚಳಿಯಲ್ಲಿ ನಿಲ್ಲುತ್ತಾರೆ.

ಶುಕ್ರವಾರ ಹನ್ನೆರಡರಿಂದ ಎರಡೂವರೆ ತನಕ ಆ ಕಡೆ ಹೋಗಲೇಬೇಡಿ. ಬಜಾರಿನ ವ್ಯಾಪಾರಿಗಳೆಲ್ಲ ಜುಮ್ಮಾಕ್ಕೆ ಬರುವ ಮಸೀದಿ ಇದು, ಅಂಗಳವೂ ತುಂಬಿರುತ್ತದೆ.

ಭಾನುವಾರ ಹೋದರೆ ಪರವಾಗಿಲ್ವಾ?

ಮಸೀದಿಗೆ ರಜೆಯಿಲ್ಲ. ಗ್ರ್ಯಾಂಡ್ ಬಜಾರ್ ಭಾನುವಾರವೂ ಹಬ್ಬಗಳಲ್ಲೂ ಮುಚ್ಚಿರುತ್ತದೆ. ಎರಡನ್ನೂ ಒಂದೇ ಸಲಕ್ಕೆ ಮುಗಿಸುವ ಆಸೆಯಿದ್ದವರಿಗೆ ಭಾನುವಾರ ನಷ್ಟ. ಕಟ್ಟಡವನ್ನೇ ನೋಡಲು ಬಂದವರಿಗೆ ಅದಕ್ಕಿಂತ ಒಳ್ಳೆಯ ದಿನ ಇಲ್ಲ. ಆವರಣದಲ್ಲಿ ತಳ್ಳಾಟ ಇರುವುದಿಲ್ಲ, ಎರಡು ಹೆಜ್ಜೆ ಹಿಂದೆ ಸರಿದು ತಲೆಯೆತ್ತಿ ನೋಡಲು ಜಾಗ ಸಿಗುತ್ತದೆ.

ಸೀರೆ ಉಟ್ಟುಕೊಂಡು ಹೋದರೆ ನಡೆಯುತ್ತಾ? ಗಂಡಸರಿಗೆ ಬರ್ಮುಡಾ?

ಸೀರೆ ನಡೆಯುತ್ತದೆ. ಸೊಂಟ, ಬೆನ್ನು ಕಾಣದಂತೆ ಸೆರಗನ್ನು ಹೊದ್ದು, ತಲೆಗೆ ಬೇರೊಂದು ದುಪಟ್ಟಾ ಹಾಕಿಕೊಳ್ಳಿ. ಸೆರಗನ್ನೇ ತಲೆಗೆ ಎಳೆದುಕೊಂಡರೆ ಗುಮ್ಮಟ ನೋಡಲು ಕತ್ತೆತ್ತಿದಾಗಲೆಲ್ಲ ಜಾರುತ್ತದೆ. ಚೂಡಿದಾರ್ ಇನ್ನೂ ಸಲೀಸು. ಗಂಡಸರು ಮೊಣಕಾಲು ಮುಚ್ಚುವ ಪ್ಯಾಂಟ್ ಹಾಕಬೇಕು. ಬರ್ಮುಡಾ ಬೇಡ, ತೋಳಿಲ್ಲದ ಬನಿಯನ್ ಬೇಡ. ಬಾಗಿಲಲ್ಲಿ ಬಟ್ಟೆ ಕೊಡುತ್ತಾರೆ ಎಂದು ನಂಬಿ ಬರಿಗೈಯಲ್ಲಿ ಹೋಗಬೇಡಿ, ಒಂದು ಹತ್ತಿಯ ಶಾಲು ಬ್ಯಾಗಿನಲ್ಲಿರಲಿ.

## ಒಳಗೆ ಕಾಲಿಟ್ಟ ಮೇಲೆ

ಚಪ್ಪಲಿ ಎಲ್ಲಿಡೋದು? ಕಳುವಾಗಲ್ವಾ?

ಜಮಖಾನೆ ಶುರುವಾಗುವ ಅಂಚಿನಲ್ಲಿ ಬಿಚ್ಚಬೇಕು. ಬಿಚ್ಚಿದ ಕಾಲನ್ನು ಮತ್ತೆ ಹೊರಗಿನ ಕಲ್ಲಿಗೆ ಊರದೆ ನೇರ ಜಮಖಾನೆಯ ಮೇಲಿಡಿ. ಹೊಸಬರು ತಪ್ಪುವುದು ಇಲ್ಲೇ, ಕಾವಲಿನವರು ಗದರುವುದೂ ಇದಕ್ಕೇ. ಗೂಡುಗಳಲ್ಲಿಡಬಹುದು. ಒಂದು ಬಾಗಿಲಲ್ಲಿ ಹೋಗಿ ಇನ್ನೊಂದರಲ್ಲಿ ಹೊರಬರುವ ಯೋಚನೆಯಿದ್ದರೆ ಮಾತ್ರ ಬಟ್ಟೆ ಚೀಲದಲ್ಲಿ ಹಾಕಿ ಜೊತೆಗಿಟ್ಟುಕೊಳ್ಳಿ. ಚಳಿಗಾಲದಲ್ಲಿ ಕಾಲುಚೀಲ ಬೇಕೇ ಬೇಕು.

ಫೋಟೊ ತೆಗೀಬಹುದಾ? ನಮ್ಮ ಫೋಟೊಗಳೆಲ್ಲ ಕಪ್ಪಗೆ ಬರುತ್ತವೆ, ಯಾಕೆ?

ತೆಗೆಯಬಹುದು. ಫ್ಲ್ಯಾಶ್ ಬೇಡ, ನಮಾಜ್ ಮಾಡುತ್ತಿರುವವರ ಮುಂದೆ ಹಾಯುವುದಾಗಲಿ ಅವರ ಮುಖಕ್ಕೆ ಕ್ಯಾಮೆರಾ ಹಿಡಿಯುವುದಾಗಲಿ ಬೇಡ.

ಕಪ್ಪಗೆ ಬರುವುದಕ್ಕೆ ಕಾರಣ ದಿಕ್ಕು. ಕರ್ನಾಟಕದಲ್ಲಿ ಕಿಬ್ಲಾ, ಅಂದರೆ ನಮಾಜಿಗೆ ಮುಖ ಮಾಡುವ ಮೆಕ್ಕಾದ ದಿಕ್ಕು, ಪಶ್ಚಿಮಕ್ಕೆ. ಮೆಕ್ಕಾದ ಉತ್ತರಕ್ಕಿರುವ ಇಸ್ತಾಂಬುಲ್‌ನಲ್ಲಿ ಅದು ಆಗ್ನೇಯಕ್ಕೆ ಬರುತ್ತದೆ. ಅಂದರೆ ಬೆಳಗಿನ ಸೂರ್ಯ ಮಿಹ್ರಾಬಿನ (ಕಿಬ್ಲಾ ತೋರುವ ಗೂಡು) ಗೋಡೆಯ ಕಿಟಕಿಗಳಿಂದಲೇ ಒಳಗೆ ನುಗ್ಗುತ್ತಾನೆ. ಮಿಹ್ರಾಬಿಗೆ ಎದುರಾಗಿ ತೆಗೆದರೆ ಕ್ಯಾಮೆರಾ ಆ ಬೆಳಕನ್ನೇ ಅಳೆದು ಉಳಿದದ್ದನ್ನು ಕತ್ತಲು ಮಾಡುತ್ತದೆ. ಬೆಳಿಗ್ಗೆ ಹೋದವರು ಮಿಹ್ರಾಬಿಗೆ ಬೆನ್ನು ಮಾಡಿ, ಬೆಳಕು ಬಿದ್ದಿರುವ ಹಿಂಬದಿಯ ಕಮಾನನ್ನೂ ಮಹಡಿಯನ್ನೂ ತೆಗೆಯಿರಿ. ಮಿಹ್ರಾಬ್ ಬೇಕಿದ್ದರೆ ಮಧ್ಯಾಹ್ನದ ನಮಾಜ್ ಆದ ಮೇಲೆ. ಮೊಬೈಲಿನಲ್ಲಾದರೆ ನೆರಳಿರುವ ಗೋಡೆಯ ಮೇಲೆ ಬೆರಳಿಟ್ಟು ಬೆಳಕು ಹೊಂದಿಸಿ, ಆಮೇಲೆ ಒತ್ತಿ.

ನಾವು ನಮಾಜ್ ಮಾಡೋರು. ವಜೂ ಎಲ್ಲಿ? ಅಸರ್ ನಮ್ಮೂರಿಗಿಂತ ಬೇಗ ಆಗುತ್ತಲ್ಲ?

ವಜೂಗೆ, ಅಂದರೆ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವುದಕ್ಕೆ, ಟರ್ಕಿಯಲ್ಲಿ ಅಬ್ದೆಸ್ತ್ ಎನ್ನುತ್ತಾರೆ, ಆ ಮಾತು ಹೇಳಿ ಕೇಳಿದರೆ ನಲ್ಲಿಗಳ ಸಾಲು ತೋರಿಸುತ್ತಾರೆ. ಹೆಂಗಸರಿಗೆ ಬೇರೆ ಜಾಗ ಇರುತ್ತದೆ. ಶೌಚಾಲಯದ ಫಲಕದಲ್ಲಿ "ಬಾಯ್" ಎಂದರೆ ಗಂಡಸರು, "ಬಾಯಾನ್" ಅಥವಾ "ಕದಿನ್" ಎಂದರೆ ಹೆಂಗಸರು.

ಅಸರ್, ಅಂದರೆ ಸಂಜೆಯ ಮುಂಚಿನ ನಮಾಜ್, ಬೇಗ ಎನಿಸುವುದು ಹನಫಿ ಪಂಥದವರಿಗೆ. ನಮ್ಮಲ್ಲಿ ಹನಫಿ ಮಸೀದಿಗಳು ವಸ್ತುವಿನ ನೆರಳು ಅದರ ಎತ್ತರದ ಎರಡು ಪಟ್ಟಾಗುವವರೆಗೆ ಕಾಯುತ್ತವೆ. ಟರ್ಕಿಯ ಜನ ಹೆಚ್ಚಾಗಿ ಹನಫಿಗಳೇ ಆದರೂ ಅಲ್ಲಿನ ಧಾರ್ಮಿಕ ವ್ಯವಹಾರಗಳ ಇಲಾಖೆಯ ಸಮಯಪಟ್ಟಿ ನೆರಳು ಒಂದು ಪಟ್ಟಾದಾಗಿನ ಲೆಕ್ಕ ಹಿಡಿಯುತ್ತದೆ. ಶಾಫಿ ಪಂಥದವರಾದ ಮಂಗಳೂರಿನ ಬ್ಯಾರಿಗಳಿಗೆ, ಭಟ್ಕಳದ ನವಾಯತರಿಗೆ ಇದು ಮನೆಯ ಲೆಕ್ಕವೇ. ಊರಿನ ಆ್ಯಪ್ ಹನಫಿಗೆ ಹೊಂದಿಸಿಕೊಂಡು ಹೋದವರು ಜಮಾತ್ ಎದ್ದು ಹೋದ ಮೇಲೆ ತಲುಪುತ್ತಾರೆ.

ಅಪ್ಪ ಅಮ್ಮನಿಗೆ ಮೊಣಕಾಲು ನೋವು. ಮೆಟ್ಟಿಲು ಜಾಸ್ತಿನಾ?

ಇವೆ. ಇಳಿಜಾರು ನೆಲದ ಮೇಲೆ ಎತ್ತರದ ಅಡಿಪಾಯ ಕಟ್ಟಿ ಅದರ ಮೇಲೆ ಮಸೀದಿ ನಿಲ್ಲಿಸಿದ್ದಾರೆ. ಕೆಳಗೆ ದೊಡ್ಡ ನೆಲಮಾಳಿಗೆಯೇ ಇದೆ, ಈ ಶತಮಾನದ ದುರಸ್ತಿಯಲ್ಲಿ ಅದರೊಳಗಿನ ಹೂಳು ತೆಗೆದರು. ಹೀಗಾಗಿ ಯಾವ ಬಾಗಿಲಿಗೆ ಹೋದರೂ ಮೆಟ್ಟಿಲು ತಪ್ಪದು. ಹಳೆಯ ಕಲ್ಲು ಕಾಲು ಸವೆದು ನುಣುಪಾಗಿದೆ, ಮಳೆ ಬಂದಾಗ ಕೈ ಹಿಡಿದುಕೊಳ್ಳಿ. ಆವರಣ ಮಾತ್ರ ನೆಲಮಟ್ಟದಲ್ಲಿದೆ. ಹತ್ತಲಾಗದವರು ಅಲ್ಲೇ ಮರದ ನೆರಳಲ್ಲಿ ಕೂತು ಹೊರಗಿನ ಕಮಾನುಗಳನ್ನು ನೋಡಬಹುದು, ನೋಡಬೇಕಾದ ಅರ್ಧ ಭಾಗ ಹೊರಗೇ ಇದೆ.

## ಕಟ್ಟಡವನ್ನು ನೋಡುವುದು ಹೇಗೆ

ಇದರಲ್ಲಿ ಯುರೋಪ್ ಎಲ್ಲಿದೆ? ನಂಗೆ ಎಲ್ಲಾ ಗುಮ್ಮಟಗಳೂ ಒಂದೇ ಥರ ಕಾಣ್ತವೆ.

ದೂರದಿಂದ ಒಂದೇ ಥರ ಕಾಣುವುದು ಸಹಜ. ಈ ಕಟ್ಟಡದ ಯುರೋಪ್ ಇರುವುದು ಅಂಚುಗಳಲ್ಲಿ, ಅದಕ್ಕೇ ಹತ್ತಿರ ಹೋಗಬೇಕು.

ಮೊದಲು ಅಂಗಳದ ದೊಡ್ಡ ಬಾಗಿಲ ಮುಂದೆ ನಿಂತು ತಲೆಯ ಮೇಲೆ ನೋಡಿ. ಸುಲೇಮಾನಿಯೆಯಂಥ ಹಳೆಯ ಮಸೀದಿಯಲ್ಲಿ ಆ ಗೂಡಿನ ತುಂಬ ಜೇನುಹುಟ್ಟಿನಂತೆ ಇಳಿಬಿದ್ದ ಮುಕರ್ನಾಸ್ ಕೆತ್ತನೆ ಇರುತ್ತದೆ, ಚೂಪು ಚೂಪಾದ ಸಣ್ಣ ಗೂಡುಗಳ ಮೇಲೆ ಗೂಡು. ಇಲ್ಲಿ ಗೂಡು ಉಳಿದಿದೆ, ಜೇನುಹುಟ್ಟು ಹೋಗಿದೆ. ಅದರ ಜಾಗದಲ್ಲಿ ಒಂದರ ಮೇಲೊಂದು ಉಬ್ಬಿ ತಗ್ಗುವ ಕೆತ್ತನೆಯ ಪಟ್ಟಿಗಳು, ಬಳುಕುವ ಎಲೆಗಳು, ಸುರುಳಿಗಳು. ಒಂದು ಪಟ್ಟಿಯನ್ನು ಹಿಡಿದು ಕಣ್ಣು ಹಾಯಿಸಿದರೆ ಅದು ಎಲ್ಲೂ ಥಟ್ಟನೆ ಮುರಿಯುವುದಿಲ್ಲ, ಹಂಸದ ಕೊರಳಿನಂತೆ ಒಳಕ್ಕೆ ಬಾಗಿ ಹೊರಕ್ಕೆ ಹೊರಳುತ್ತದೆ. ಬರೋಕ್ ಎಂದರೆ ಮೂಲತಃ ಈ ಹೊರಳು.

ಆಮೇಲೆ ಹೊರಗೆ ಬಂದು ಪಕ್ಕದ ಗೋಡೆ ನೋಡಿ. ಹಿಂದಿನ ಮಸೀದಿಗಳಲ್ಲಿ ದೊಡ್ಡ ಗುಮ್ಮಟದ ಕೆಳಗೆ ಅರೆಗುಮ್ಮಟ, ಅದರ ಕೆಳಗೆ ಇನ್ನೂ ಚಿಕ್ಕದು, ಹೀಗೆ ಗುಡ್ಡದಂತೆ ಇಳಿಯುತ್ತ ಬರುತ್ತಿತ್ತು. ಇಲ್ಲಿ ಆ ಇಳುಕಲೇ ಇಲ್ಲ. ಒಂದೇ ಗುಮ್ಮಟ, ಅದನ್ನು ಹೊತ್ತ ನಾಲ್ಕು ಭಾರೀ ಕಮಾನುಗಳು. ಅವನ್ನು ಮುಚ್ಚಿಡದೆ ಹೊರಗೇ ಬಿಟ್ಟಿದ್ದಾರೆ. ಕಮಾನಿನ ಅಂಚಿಗೆ ದಪ್ಪನೆಯ ಪಟ್ಟಿ ಕಟ್ಟಿ ಮೆರೆಸಿದ್ದಾರೆ, ಹೊಟ್ಟೆಯ ತುಂಬ ಕಿಟಕಿ ಇಟ್ಟಿದ್ದಾರೆ. ಒಟ್ಟು 174 ಕಿಟಕಿಗಳೆಂದು ಲೆಕ್ಕ.

ಇನ್ನೊಂದು ಗುರುತು ಮಿನಾರಿನ ತುದಿ. ಒಟ್ಟೊಮನ್ ಮಿನಾರಿನ ತಲೆಗೆ ಸೀಸದ ತಗಡಿನ ಚೂಪು ಟೋಪಿ ರೂಢಿ. ಈ ಮಸೀದಿಯಲ್ಲಿ ಅದನ್ನು ಕಲ್ಲಿನಲ್ಲೇ ಮಾಡಿದರು. ಒಳಗೆ ಇಜ್ನಿಕ್ ಹೆಂಚುಗಳ ನೀಲಿ ಹುಡುಕಬೇಡಿ, ಸಿಗುವುದಿಲ್ಲ. ಇಲ್ಲಿರುವುದು ಅಮೃತಶಿಲೆಯ ಬಣ್ಣ ಮತ್ತು ಕಿಟಕಿಯ ಬೆಳಕು.

ಹಾಗಾದರೆ ಮಸೀದಿ ಅಂತ ಉಳಿದಿರೋದೇನು?

ಬೇಕಾದದ್ದೆಲ್ಲ ಉಳಿದಿದೆ. ಕಿಬ್ಲಾ ತೋರುವ ಮಿಹ್ರಾಬ್, ಪ್ರವಚನದ ಮಿಂಬರ್, ಎರಡು ಮಿನಾರ್, ಗೋಡೆಗಳನ್ನು ಸುತ್ತುವ ಅರಬ್ಬಿ ಬರಹ. ಯುರೋಪಿನ ಬರೋಕ್ ಇಗರ್ಜಿಯಲ್ಲಿ ಸುರುಳಿಗಳ ನಡುವೆ ದೇವದೂತರು, ಸಂತರು ಇಣುಕುತ್ತಾರೆ. ಇಲ್ಲಿ ಸುರುಳಿ ತಂದರು, ಆಕೃತಿಗಳನ್ನು ತರಲಿಲ್ಲ. ಆ ಖಾಲಿ ಜಾಗವನ್ನು ಅಕ್ಷರ ತುಂಬಿದೆ. ಗುಮ್ಮಟದ ನಡುವೆ ಇರುವುದು ಕುರಾನಿನ 24ನೇ ಸೂರಾದ 35ನೇ ವಚನ: "ಅಲ್ಲಾಹನು ಆಕಾಶ ಭೂಮಿಗಳ ಬೆಳಕು" ಎಂದು ಶುರುವಾಗುವುದು. ಅಷ್ಟೊಂದು ಕಿಟಕಿಗಳ ಕಟ್ಟಡಕ್ಕೆ ಅದನ್ನೇ ಆರಿಸಿದ್ದಾರೆ. ಮಸೀದಿಯ ಹೆಸರಿನಲ್ಲೂ "ನೂರ್", ಅಂದರೆ ಬೆಳಕು, ಇದೆ.

ಸುತ್ತಲೂ ಮದರಸಾ, ಅನ್ನ ಹಾಕುತ್ತಿದ್ದ ಇಮಾರೆತ್, ಗ್ರಂಥಾಲಯ, ದಾರಿಹೋಕರಿಗೆ ನೀರು ಕೊಡುತ್ತಿದ್ದ ಸೆಬಿಲ್ ಇವೆ. ಹಳೇ ಒಟ್ಟೊಮನ್ ಪದ್ಧತಿಯ ಪೂರ್ತಿ ಸಂಕೀರ್ಣ ಇದು.

ಗುಮ್ಮಟ ನಮ್ಮ ಗೋಲ್ ಗುಂಬಜ್‌ಗಿಂತ ದೊಡ್ಡದಾ?

ಅಲ್ಲ, ಹತ್ತಿರಕ್ಕೂ ಬರುವುದಿಲ್ಲ. ವಿಜಯಪುರದ ಗೋಲ್ ಗುಂಬಜಿನ ಒಳವ್ಯಾಸ ಸುಮಾರು 38 ಮೀಟರ್, ಇದರದ್ದು ಸುಮಾರು 25. ಆದರೂ ಇಸ್ತಾಂಬುಲ್‌ನಲ್ಲಿ ಇದು ದೊಡ್ಡವರ ಸಾಲಿನದೇ, ನೀಲಿ ಮಸೀದಿಯ ಗುಮ್ಮಟವನ್ನು ಮೀರಿಸುತ್ತದೆ.

ಗೋಲ್ ಗುಂಬಜ್ ನೋಡಿದವರು ಇಲ್ಲಿ ಮೂಲೆಗಳನ್ನು ಹೋಲಿಸಿ ನೋಡಬೇಕು. ಚೌಕದ ಮೇಲೆ ವೃತ್ತ ಕೂರಿಸುವ ಸಮಸ್ಯೆ ಎರಡೂ ಕಡೆ ಒಂದೇ. ವಿಜಯಪುರದಲ್ಲಿ ಒಂದನ್ನೊಂದು ಹಾಯುವ ಎಂಟು ಕಮಾನುಗಳನ್ನು ಹೆಣೆದು ವೃತ್ತಕ್ಕೆ ಹತ್ತಿರ ಬಂದರು. ಇಲ್ಲಿ ನಾಲ್ಕು ಕಮಾನುಗಳ ನಡುವಿನ ಪ್ರತಿ ಮೂಲೆಯಲ್ಲೂ ಕೆಳಗೆ ಚೂಪಾಗಿ ಮೇಲಕ್ಕೆ ಹರಡುತ್ತ ಹೋಗುವ ತ್ರಿಕೋನದ ಬಾಗುಗೋಡೆ ಇದೆ, ಹಾಗಿಯಾ ಸೋಫಿಯಾದ ಕಾಲದ ಉಪಾಯ ಅದು. ಭಾರ ಆ ನಾಲ್ಕು ಮೂಲೆಗಳಿಗೆ ಇಳಿಯುವುದರಿಂದ ನಡುವಿನ ಗೋಡೆಗೆ ಹೊರುವ ಕೆಲಸ ಕಡಿಮೆ. ಅಷ್ಟು ಕಿಟಕಿ ಕೊರೆಯಲು ಸಾಧ್ಯವಾದದ್ದು ಅದಕ್ಕೇ.

ಯಾರು ಕಟ್ಟಿಸಿದ್ದು? ಅವರ ಸಮಾಧಿ ಅಲ್ಲೇ ಇದೆಯಾ?

1748ರಲ್ಲಿ ಶುರು ಮಾಡಿಸಿದವನು ಸುಲ್ತಾನ್ 1ನೇ ಮಹಮೂದ್. ಮುಗಿಯುವುದರೊಳಗೆ 1754ರ ಡಿಸೆಂಬರಿನಲ್ಲಿ ತೀರಿಕೊಂಡ. ತಮ್ಮ 3ನೇ ಉಸ್ಮಾನ್ ಪಟ್ಟಕ್ಕೆ ಬಂದು 1755ರಲ್ಲಿ ಪೂರ್ತಿ ಮಾಡಿಸಿದ, ಹೆಸರೂ ಅವನದೇ ನಿಂತಿತು: ಉಸ್ಮಾನನ ಬೆಳಕು. ಆರು ವರ್ಷ ಕಟ್ಟಿಸಿದವನ ಹೆಸರು ಬೋರ್ಡಿನಲ್ಲಿಲ್ಲ.

ಆವರಣದ ಸಮಾಧಿಯಲ್ಲಿರುವವಳು ಉಸ್ಮಾನನ ತಾಯಿ ಶೆಹಸುವಾರ್ ಸುಲ್ತಾನ್. ಅಣ್ಣತಮ್ಮಂದಿರಿಬ್ಬರೂ ಇರುವುದು ಎಮಿನೋನು ಬಡಾವಣೆಯ ಯೆನಿ ಜಾಮಿ ಮಸೀದಿಯ ಪಕ್ಕದ ತುರ್ಹಾನ್ ಸುಲ್ತಾನ್ ಸಮಾಧಿಯಲ್ಲಿ.

ಮಸೀದಿ ಕಟ್ಟೋಕೆ ಕ್ರಿಶ್ಚಿಯನ್ ಮೇಸ್ತ್ರಿ ಅಂತಾರಲ್ಲ, ನಿಜಾನಾ?

ನಿಜ. ಕೆಲಸದ ಮೇಲ್ವಿಚಾರಣೆ ಸಿಮಿಯೋನ್ ಕಾಲ್ಫಾ ಎಂಬ ಗ್ರೀಕ್ ಕ್ರೈಸ್ತನದು. ಕಾಲ್ಫಾ ಎಂದರೆ ಹಿರಿಯ ಮೇಸ್ತ್ರಿ. ಆ ಊರಿನಲ್ಲಿ ಗ್ರೀಕ್, ಅರ್ಮೇನಿಯನ್ ಕಸುಬುದಾರರು ಕಟ್ಟಡ ಕೆಲಸದಲ್ಲಿ ತಲೆಮಾರುಗಳಿಂದ ಇದ್ದವರು. ಮುಂದಿನ ಶತಮಾನದಲ್ಲಿ ಅರಮನೆ, ಮಸೀದಿಗಳೆಲ್ಲ ಬಾಲ್ಯಾನ್ ಎಂಬ ಅರ್ಮೇನಿಯನ್ ಮನೆತನದ ಕೈಯಲ್ಲಿದ್ದವು. ಇದನ್ನು ಆಗ ಯಾರೂ ವಿಚಿತ್ರವೆಂದು ನೋಡಿದಂತಿಲ್ಲ, ವಿಚಿತ್ರ ಎನಿಸುತ್ತಿರುವುದು ನಮಗೆ.

## ಸ್ವಲ್ಪ ಆಳಕ್ಕೆ ಇಳಿಯುವವರಿಗೆ

ಇದು ಫ್ರಾನ್ಸಿನ ನಕಲು ಅಲ್ವಾ?

ನಕಲಿಗೆ ಒಂದು ಮೂಲ ಇರಬೇಕು. ಇಂಥ ಕಟ್ಟಡ ಪ್ಯಾರಿಸಿನಲ್ಲೂ ಇಲ್ಲ, ರೋಮ್‌ನಲ್ಲೂ ಇಲ್ಲ. 1720-21ರಲ್ಲಿ ಇರ್ಮಿಸೆಕಿಜ್ ಮೆಹಮದ್ ಚೆಲೆಬಿ ಎಂಬ ರಾಯಭಾರಿ ಪ್ಯಾರಿಸಿಗೆ ಹೋಗಿ ಬಂದ ಮೇಲೆ ಆಸ್ಥಾನದಲ್ಲಿ ಫ್ರೆಂಚ್ ವಸ್ತುಗಳ ಆಸೆ ಹೆಚ್ಚಿತು ಎಂಬುದು ಸರಿ. 1740ರ ದಶಕದ ಹೊತ್ತಿಗೆ ಸುರುಳಿ, ಚಿಪ್ಪಿನ ಅಲಂಕಾರ ನಗರದ ಕಾರಂಜಿಗಳ ಮೇಲೆ, ಸ್ನಾನಗೃಹಗಳಲ್ಲಿ ಕಾಣಿಸಿಕೊಂಡಿತ್ತು. ಆದರೆ ಅದನ್ನು ಸುಲ್ತಾನನ ಮಸೀದಿಯ ಅಳತೆಗೆ ಹಿಗ್ಗಿಸಿ, ಗುಮ್ಮಟ ಕಮಾನುಗಳ ಲೆಕ್ಕಕ್ಕೆ ಬಗ್ಗಿಸಿದ್ದು ಇಲ್ಲಿನ ಮೇಸ್ತ್ರಿಗಳು. ಮಿಹ್ರಾಬ್ ಇರುವ ಭಾಗ ಹಿಂದಕ್ಕೆ ಬಾಗಿ ಚಾಚಿಕೊಂಡಿರುವುದನ್ನು ನೋಡಿ ಊರಿನ ಹಳೆಯ ಬೈಜಾಂಟಿನ್ ಇಗರ್ಜಿಗಳನ್ನು ನೆನೆಯುವವರೂ ಇದ್ದಾರೆ. ಕಣ್ಣಾರೆ ನೋಡಿದರೆ ಆ ಮಾತು ಅಸಂಬದ್ಧ ಎನಿಸುವುದಿಲ್ಲ.

ಅಂಗಳ ಯಾಕೆ ಚೌಕ ಇಲ್ಲ? ನಡುವೆ ಕಾರಂಜಿಯೂ ಇಲ್ಲ?

ಕುದುರೆ ಲಾಳದಂತೆ ದುಂಡಗಾಗಿರುವ ಅಂಗಳ ಒಟ್ಟೊಮನ್ ಮಸೀದಿಗಳಲ್ಲಿ ಬೇರೆಲ್ಲೂ ಕಾಣದ್ದು. ಮುಂದೆ ಕಟ್ಟಿದವರೂ ಅನುಕರಿಸಲಿಲ್ಲ. ವಜೂಗೆಂದು ನಡುವೆ ಇರಬೇಕಾದ ಕಾರಂಜಿಯನ್ನು ಬಿಟ್ಟಿರುವುದರಿಂದ ಜಾಗ ಪೂರ್ತಿ ಖಾಲಿ. ನಡುಮಧ್ಯೆ ನಿಂತು ಒಂದು ಸುತ್ತು ತಿರುಗಿ. ಚೌಕದ ಅಂಗಳದಲ್ಲಿ ಕಣ್ಣು ಮೂಲೆಯಲ್ಲಿ ನಿಲ್ಲುತ್ತದೆ, ಇಲ್ಲಿ ನಿಲ್ಲಲು ಮೂಲೆಯೇ ಇಲ್ಲ, ಕಂಬದಿಂದ ಕಂಬಕ್ಕೆ ಜಾರುತ್ತಲೇ ಇರುತ್ತದೆ.

ಪೂರ್ವದ ಮೂಲೆಯಲ್ಲಿ ಮುಚ್ಚಿದ ಇಳಿಜಾರು ದಾರಿ ಇದೆಯಲ್ಲ, ಅದೇನು?

ಸುಲ್ತಾನನದು. ಕುದುರೆಯಿಂದ ಇಳಿಯದೆಯೇ ಅದರ ಮೇಲೆ ಏರಿ, ಒಳಗೆ ಮಹಡಿಯಲ್ಲಿರುವ ತನ್ನ ಪ್ರತ್ಯೇಕ ಜಾಗಕ್ಕೆ ತಲುಪಬಹುದಿತ್ತು. ಒಳಗಿನಿಂದ ನೋಡುವುದಾದರೆ ಮಿಹ್ರಾಬಿಗೆ ಮುಖ ಮಾಡಿ ಎಡಕ್ಕೆ ತಲೆಯೆತ್ತಿ, ಬಂಗಾರದ ಬಣ್ಣದ ಜಾಲರಿ ಕಾಣುತ್ತದೆ. ಮುಂದಿನ ಮಸೀದಿಗಳಲ್ಲಿ ಈ ಜಾಗ ಬೆಳೆಯುತ್ತ ಬೆಳೆಯುತ್ತ, 1850ರ ದಶಕದ ಓರ್ತಾಕೊಯ್ ಮಸೀದಿಯ ಹೊತ್ತಿಗೆ ಮಸೀದಿಗೆ ಅಂಟಿದ ಪುಟ್ಟ ಅರಮನೆಯೇ ಆಯಿತು.

ಟಿಪ್ಪು ಕಳಿಸಿದ ನಿಯೋಗ ಇಸ್ತಾಂಬುಲ್‌ಗೆ ಹೋದಾಗ ಈ ಮಸೀದಿ ಇತ್ತಾ?

ಇತ್ತು. ಗುಲಾಂ ಅಲಿ ಖಾನ್ ಮುಂದಾಳುತನದ ಆ ನಿಯೋಗ ಉತ್ತರ ಕನ್ನಡದ ತದಡಿ ಬಂದರಿನಿಂದ 1786ರ ಮಾರ್ಚ್‌ನಲ್ಲಿ ಹಡಗು ಹತ್ತಿ, ಮಸ್ಕತ್, ಬಸ್ರಾ ಮೇಲೆ ಹಾದು 1787ರಲ್ಲಿ ಇಸ್ತಾಂಬುಲ್ ಸೇರಿತು. ಸುಲ್ತಾನ್ 1ನೇ ಅಬ್ದುಲ್ ಹಮೀದನ ಭೇಟಿಯೂ ಆಯಿತು. ಆಗ ಈ ಮಸೀದಿಗೆ 32 ವರ್ಷ, ಕಲ್ಲು ಇನ್ನೂ ಬಿಳುಪಾಗಿದ್ದಿರಬೇಕು. ಅದೇ ಸುಮಾರಿಗೆ ಇತ್ತ ಶ್ರೀರಂಗಪಟ್ಟಣದಲ್ಲಿ ಮಸ್ಜಿದ್-ಎ-ಆಲಾ ಎದ್ದಿತ್ತು. ನಿಯೋಗದ ನೂರಾರು ಜನರಲ್ಲಿ ಹೆಚ್ಚಿನವರು ಪ್ಲೇಗಿಗೂ ಪ್ರಯಾಣದ ಕಷ್ಟಕ್ಕೂ ಬಲಿಯಾಗಿ ಹಿಂದಿರುಗಲಿಲ್ಲ.

ಇದೇ ಶೈಲಿಯ ಬೇರೆ ಮಸೀದಿಗಳನ್ನು ಒಂದೇ ದಿನದಲ್ಲಿ ನೋಡೋದು ಹೇಗೆ?

ಟಿ1 ಹಳಿಯನ್ನೇ ಹಿಡಿದರೆ ನೂರು ವರ್ಷದ ಬದಲಾವಣೆ ಸಾಲಾಗಿ ಸಿಗುತ್ತದೆ. ಬೆಳಿಗ್ಗೆ ಒಂಬತ್ತೂವರೆಗೆ ನುರುಓಸ್ಮಾನಿಯೆಯಿಂದ ಶುರು ಮಾಡಿ, ಒಂದು ಗಂಟೆ ಕೊಡಿ. ಕಬಾತಾಶ್ ಕಡೆಯ ಟ್ರ್ಯಾಮ್ ಹತ್ತಿ ತೋಪ್‌ಹಾನೆಯಲ್ಲಿ ಇಳಿದರೆ 1826ರಲ್ಲಿ ಮುಗಿದ ನುಸ್ರೆತಿಯೆ, ತೆಳ್ಳಗಿನ ಮಿನಾರುಗಳದ್ದು. ಕೊನೆಯ ನಿಲ್ದಾಣ ಕಬಾತಾಶ್‌ನಿಂದ ನೀರಿನ ಪಕ್ಕದಲ್ಲೇ ಸ್ವಲ್ಪ ನಡೆದರೆ 1855ರ ದೊಲ್ಮಾಬಾಹ್ಚೆ ಮಸೀದಿ. ಅದರ ಮಿನಾರುಗಳು ಗ್ರೀಕ್ ಕಂಬಗಳಂತೆ ಎಲೆಗಳ ಬೋದಿಗೆ ಹೊತ್ತಿವೆ, 1948ರಿಂದ ಕೆಲವು ವರ್ಷ ಅದು ನೌಕಾಪಡೆಯ ವಸ್ತುಸಂಗ್ರಹಾಲಯವಾಗಿತ್ತು. ಅಷ್ಟರಲ್ಲಿ ಮಧ್ಯಾಹ್ನದ ನಮಾಜ್ ಹೊತ್ತಾಗುತ್ತದೆ, ಊಟ ಮುಗಿಸಿಕೊಳ್ಳಿ.

ಆಮೇಲೆ ಬಸ್ಸಿನಲ್ಲಿ ಓರ್ತಾಕೊಯ್. 1850ರ ದಶಕದಲ್ಲಿ ಸುಲ್ತಾನ್ ಅಬ್ದುಲ್ ಮಜೀದ್ ಕಟ್ಟಿಸಿದ್ದು, ಒಳಗಿನ ಕೆಲವು ಬರಹ ಅವನ ಕೈಯದೇ. ದಡದ ರಸ್ತೆಯಲ್ಲಿ ಸಂಜೆ ಐದರ ನಂತರ ವಾಹನ ಕದಲುವುದಿಲ್ಲ, ಹಾಗಾಗಿ ಮೂರರೊಳಗೆ ತಲುಪಿ. ಎತ್ತರದ ಕಿಟಕಿಗಳಿಂದ ಬಾಸ್ಫರಸ್ ನೀರಿನ ಬೆಳಕು ಗುಲಾಬಿ ಗೋಡೆಯ ಮೇಲೆ ಅಲುಗಾಡುವುದು ಬಿಸಿಲಿರುವಾಗ ಮಾತ್ರ. ಹೊರಗೆ ಕುಂಪಿರ್ ಎಂದು ದೊಡ್ಡ ಸುಟ್ಟ ಆಲೂಗಡ್ಡೆ ಮಾರುತ್ತಾರೆ. ಸಸ್ಯಾಹಾರಿಗಳು ಸಾಸೇಜ್ ಬೇಡ ಎಂದು ಮೊದಲೇ ಹೇಳಬೇಕು, "ಎತ್‌ಸಿಜ್" ಅಂದರೆ ಮಾಂಸವಿಲ್ಲದ್ದು.